ಪ್ರಾರ್ಥನೆಗೆ ಬಿದ್ದ ಕೆಂಪು ಬಾಣ

ನನ್ನ ಕನ್ನಡಕದ ಡಬ್ಬಿಯ ಮುಚ್ಚಳದ ಮೇಲೆ ಒಂದು ಕೆಂಪು ಬಾಣ ಅಂಟಿಕೊಂಡಿದೆ. ಕಿರುಬೆರಳ ಉಗುರಿಗಿಂತ ತುಸು ಉದ್ದ, ಕಾಗದದ್ದು. ನೋಡಿದವರು ಯಾವುದೋ ಮಗು ಅಂಟಿಸಿರಬೇಕೆಂದು ಮರುಕಪಟ್ಟು ಉಗುರಿನಿಂದ ಕೆರೆಯಲು ಬರುತ್ತಾರೆ, ನಾನು ಹೌಹಾರಿ ಡಬ್ಬಿಯನ್ನು ಕಿತ್ತುಕೊಳ್ಳುತ್ತೇನೆ. ಅರವತ್ತು ದಾಟಿದ ಮನುಷ್ಯ ಒಂದು ಚೂರು ಕಾಗದಕ್ಕಾಗಿ ಹೀಗೆ ಆಡುವುದು ಶೋಭೆಯಲ್ಲವೆಂದು ನನ್ನ ಮನೆಯವಳು ಹೇಳಿ ಹೇಳಿ ಈಗ ಬಿಟ್ಟಿದ್ದಾಳೆ. ಓದುಗ ಮಿತ್ರರೇ, ನಿಮಗಾದರೂ ಅದರ ಕಥೆ ಹೇಳಿಬಿಡುತ್ತೇನೆ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹೊಲಿದು ಮುಗಿದ ಅಂಗಿಯನ್ನು ಪರೀಕ್ಷಿಸುವ ಹೆಣ್ಣುಮಕ್ಕಳಿರುತ್ತಾರೆ. ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಮೊನೆ ಮಾಡಿ ಇಂಥದೊಂದು ಬಾಣ ಅಂಟಿಸುತ್ತಾರೆ. ಬಾಣ ಬಿದ್ದ ಅಂಗಿ ಹೊಲಿದವಳ ಹತ್ತಿರವೇ ವಾಪಸು ಹೋಗುತ್ತದೆ, ತಪ್ಪು ಸರಿಯಾದ ಮೇಲಷ್ಟೇ ಬಾಣ ಬಿಚ್ಚುತ್ತಾರೆ. ನನಗೆ ಈ ಬಾಣ ಬಿದ್ದದ್ದು ಅಂಗಿಯ ಹೊಲಿಗೆಗಲ್ಲ, ಪ್ರಾರ್ಥನೆಗೆ.

ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಸಮಾಸ, ಸಂಧಿ, ಅಲಂಕಾರಗಳನ್ನು ಅರೆದು ಕುಡಿದವನಿಗೆ ದೇವರೊಡನೆ ಮಾತಾಡುವುದು ಏನು ಮಹಾ ಎಂದು ಯೋಚಿಸಿದರೋ ಏನೋ, ನಮ್ಮ ಪುಟ್ಟ ಹೆಂಚಿನ ದೇವಾಲಯದ, ಎಂದರೆ ಚರ್ಚಿನ, ಪಾದ್ರಿ ಅಯ್ಯನವರು ದೊಡ್ಡವರ ಭಾನುವಾರದ ಶಾಲೆಯನ್ನು ನನ್ನ ತಲೆಗೆ ಕಟ್ಟಿದರು. ಪಾಠದ ವಿಷಯ ಪ್ರಾರ್ಥನೆ ಮತ್ತು ಕ್ರೈಸ್ತ ಜೀವನ. ಹನ್ನೆರಡು ಪಾಠಗಳ ತೆಳ್ಳನೆಯ ಪುಸ್ತಕ; ಮುಗಿದರೆ ಮತ್ತೆ ಮೊದಲಿನಿಂದ ಶುರು. ಕೋಣೆ ಚಿಕ್ಕಮಕ್ಕಳದು, ಬೆಂಚುಗಳೂ ಅವರವೇ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕುಳಿತ ಇಪ್ಪತ್ತು ಮಂದಿ ಪ್ರಾಪ್ತವಯಸ್ಕರಿಗೆ, ಗೋಡೆಯ ಮೇಲಿನ ನೋಹನ ನಾವೆಯ ಆನೆ ಒಂಟೆಗಳ ಸಮಕ್ಷಮದಲ್ಲಿ, ನಾನು ದೀನತೆಯ ಬಗ್ಗೆ ಬೋಧಿಸುತ್ತಿದ್ದೆ. ಆ ಬೆಂಚಿನ ಮೇಲೆ ದೀನತೆ ತಾನಾಗಿಯೇ ಬರುತ್ತಿತ್ತು.

ಅದು ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳು. ಬಿಡದಿಯಿಂದ ಹೊರಟ ಕಾರ್ಖಾನೆಗಳ ಸಾಲು ರಾಮನಗರವನ್ನು ಬಳಸಿಕೊಂಡು ನಮ್ಮ ಕಡೆಗೂ ಬರತೊಡಗಿತ್ತು. ನಿನ್ನೆ ರಾಗಿ ತೆನೆ ಕೊಯ್ದ ಹೊಲದಲ್ಲಿ ಇವತ್ತು ನೀಲಿ ತಗಡಿನ ಛಾವಣಿ, ಅದರ ಮುಂದೊಂದು ಗೇಟು, ಗೇಟಿಗೊಬ್ಬ ಖಾಕಿ ಟೋಪಿಯವನು. ನಮ್ಮ ಸಭೆಯ ಹೆಂಗಸರಲ್ಲಿ ಮುಕ್ಕಾಲು ಪಾಲು ರಾಮನಗರ ರಸ್ತೆಯ ಒಂದೇ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದರು. ವಿದೇಶಕ್ಕೆ ಮಾಲು ಹೋಗುವ ವಾರವಾದರೆ ಭಾನುವಾರವೂ ಓಟಿ, ಹೆಚ್ಚಿನ ಕೂಲಿಯ ದುಡಿಮೆ. ಹತ್ತು ಮುಕ್ಕಾಲಿಗೆ ಸರಿಯಾಗಿ ಫ್ಯಾಕ್ಟರಿ ಬಸ್ಸು ದೇವಾಲಯದ ಗೇಟಿಗೇ ಬಂದು ಹಾರನ್ ಹೊಡೆಯುತ್ತಿತ್ತು. ಹಾಗಾಗಿ ನನ್ನ ಬೋಧನೆಗೆ ಸಿಗುತ್ತಿದ್ದುದು ಮುಕ್ಕಾಲು ಗಂಟೆ. ಸ್ವರ್ಗರಾಜ್ಯದ ವಿಷಯಕ್ಕೆ ಬರುವಷ್ಟರಲ್ಲಿ ಬಸ್ಸು ಬಂದಿರುತ್ತಿತ್ತು.

ಪಾಠ ಹೇಳುವುದು ಸುಲಭ, ಪ್ರಾರ್ಥನೆ ಮಾಡಿಸುವುದು ಕಷ್ಟ. ಪ್ರತಿ ಪಾಠದ ಕೊನೆಗೆ ಒಬ್ಬರು ಎದ್ದು ಗಟ್ಟಿಯಾಗಿ ಪ್ರಾರ್ಥಿಸಬೇಕೆಂದು ಪುಸ್ತಕ ಹೇಳುತ್ತಿತ್ತು. ನಾನು ಹೆಸರು ಕರೆದರೆ ಸಾಕು, ಕರೆಸಿಕೊಂಡವರು ಚಪ್ಪಲಿ ಹುಡುಕುವ ನೆಪದಲ್ಲಿ ಬೆಂಚಿನ ಕೆಳಗೆ ಇಳಿದುಹೋಗುತ್ತಿದ್ದರು. ಸಂತೆಯಲ್ಲಿ ಹತ್ತು ಜನಕ್ಕೆ ಕೇಳುವಂತೆ ಜಗಳವಾಡುವ ಗಂಟಲುಗಳೆಲ್ಲ ದೇವರ ಮುಂದೆ ಕಟ್ಟಿಹೋಗುತ್ತಿದ್ದವು. ಕಡೆಗೆ ನಾನೇ ಮಾಡುತ್ತಿದ್ದೆ. ನನಗೇನೂ ಬೇಸರವಿರಲಿಲ್ಲ ಅನ್ನಿ. ನಿಜ ಹೇಳಬೇಕೆಂದರೆ ನನ್ನ ಪ್ರಾರ್ಥನೆಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನವಿತ್ತು. 'ಅನಾಥನಾಥನೇ, ಆದ್ಯಂತರಹಿತನೇ' ಎಂದು ಎತ್ತಿಕೊಂಡರೆ ಪ್ರಾಸಗಳು ತಾವಾಗಿಯೇ ಸಾಲುಗಟ್ಟಿ ಬರುತ್ತಿದ್ದವು, ಇಳಿಸುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಇದಕ್ಕೊಂದು ದಾರಿ ಕಂಡುಹಿಡಿದವಳು ಸುಗುಣಮ್ಮ. ಮಾಗಡಿ ಕಡೆಯಿಂದ ಮದುವೆಯಾಗಿ ಬಂದವಳು, ಅದೇ ಫ್ಯಾಕ್ಟರಿಯಲ್ಲಿ ಚೆಕರ್. ಹೊಲಿಗೆ ತಪ್ಪು ಹುಡುಕಿ ಹುಡುಕಿ ಅವಳ ಕಣ್ಣು ಎಷ್ಟು ಪಳಗಿತ್ತೆಂದರೆ, ಅಯ್ಯನವರು ಪವಿತ್ರ ಭೋಜನದ ರೊಟ್ಟಿ ಮುರಿಯುವಾಗಲೂ ಅವಳು ನೋಡುತ್ತಿದ್ದುದು ಅವರ ನಿಲುವಂಗಿಯ ಅಂಚನ್ನು. ಒಂದು ಭಾನುವಾರ ನಾನು ಬೇಸತ್ತು ಸಭೆಯನ್ನು ಗದರಿದಾಗ ಎದ್ದು ನಿಂತಳು.

“ಅಲ್ಲ ಮೇಷ್ಟ್ರೇ, ನಮ್ ಫ್ಯಾಕ್ಟ್ರೀಲಿ ಒಬ್ಬಳೇ ಇಡೀ ಶರ್ಟ್ ಹೊಲೀತಾಳಾ? ಕಾಲರ್ ಒಬ್ಬಳು, ತೋಳು ಒಬ್ಬಳು, ಕಾಜಾ ಒಬ್ಬಳು. ಇಡೀ ಶರ್ಟ್ ಹೊಲಿ ಅಂದ್ರೆ ನಮ್ಗ್ಯಾರ್ಗೂ ಬರಾಕಿಲ್ಲ. ಅಂಗಂತ ದಿನಕ್ಕೆ ಸಾವ್ರ ಶರ್ಟ್ ಆಚೆ ಹೋಗ್ತಿಲ್ವಾ? ಪ್ರಾರ್ಥನೇನೂ ಅಂಗೇ ಲೈನ್ ಮಾಡ್ಬುಡಿ.”

ನಾನು ನಗಬೇಕೆಂದಿದ್ದೆ. ಆದರೆ ಬೆಂಚಿನ ಕೆಳಗಿದ್ದವರೆಲ್ಲ ಮೇಲೆದ್ದು ಉತ್ಸಾಹದಿಂದ ತಲೆಯಾಡಿಸುತ್ತಿದ್ದರು. ಐದೇ ನಿಮಿಷದಲ್ಲಿ ಪ್ರಾರ್ಥನೆ ತುಂಡು ತುಂಡಾಗಿ ಹಂಚಿಕೆಯಾಯಿತು. ಸ್ತೋತ್ರ ಒಬ್ಬಳಿಗೆ, ಪಾಪದ ಅರಿಕೆ ಒಬ್ಬಳಿಗೆ, ಉಪಕಾರಸ್ಮರಣೆ ಇನ್ನೊಬ್ಬಳಿಗೆ, ಬೇಡಿಕೆ ಮತ್ತೊಬ್ಬಳಿಗೆ. ಕೇಳಿ ತಪ್ಪು ಹಿಡಿಯುವವಳು ಸುಗುಣಮ್ಮ. ನಾನು ಸೂಪರ್‌ವೈಸರ್, ಎಂದರೆ ಸುಮ್ಮನೆ ನಿಂತಿರತಕ್ಕದ್ದು. ಉಳಿದದ್ದು ಕೊನೆಯ ಕೆಲಸ, ಆಮೆನ್.

“ಆಮೆನ್ ಅಂದ್ರೆ ಪ್ಯಾಕಿಂಗು,” ಅಂದಳು ಸುಗುಣಮ್ಮ. “ಗಂಟಲು ಗಟ್ಟಿ ಇರೋರು ಬೇಕು. ಗ್ಯಾನಪ್ಪಣ್ಣ ಹೇಳ್ಲಿ.”

ಎಲ್ಲರೂ ಒಮ್ಮೆ ಮೊದಲ ಬೆಂಚಿನ ಜ್ಞಾನಪ್ಪನವರನ್ನೂ ಒಮ್ಮೆ ನನ್ನನ್ನೂ ನೋಡಿದರು. ನಾನು ನೋಹನ ನಾವೆಯನ್ನು ನೋಡಿದೆ.

ಜ್ಞಾನಪ್ಪ ನನ್ನ ಭಾವ, ಒಡಹುಟ್ಟಿದ ಅಕ್ಕನ ಗಂಡ. ಬಣ್ಣದ ಬೊಂಬೆ ಕಡೆಯುವ ಕಸುಬಿನವರು. ತಿರುಗುವ ಹಾಲೆಮರದ ತುಂಡಿಗೆ ಅರಗು ಹಿಡಿದು ಅವರು ಬಣ್ಣ ಏರಿಸುವುದನ್ನು ನೋಡಲು ನಾನು ಹುಡುಗನಾಗಿದ್ದಾಗ ಶಾಲೆ ತಪ್ಪಿಸುತ್ತಿದ್ದೆ. ಅಂಥ ಭಾವನ ಜೊತೆ ನಾನು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆ. ಕಾರಣ ಆಮೆನ್.

ನಗಬೇಡಿ. ಅವರ ಮನೆಗೆ ಹೊಸದಾಗಿ ಒಂದು ಕೋಣೆ ಸೇರಿಸಿದ್ದರು. ಪ್ರಾರ್ಥನೆ, ಊಟ ಇಟ್ಟುಕೊಂಡು ಬೀದಿಯ ಬೊಂಬೆ ಕೆಲಸದವರನ್ನೆಲ್ಲ ಕರೆದಿದ್ದರು. ಎಲೆ ಹಾಕಿ, ಎಲೆಗೊಂದು ಬಿಸಿಬಿಸಿ ಮುದ್ದೆ ಇಟ್ಟು, ಕೋಳಿಸಾರು ಬಿಟ್ಟು, ಊಟದ ಪ್ರಾರ್ಥನೆ ಮಾಡೆಂದು ಅಕ್ಕ ನನಗೆ ಹೇಳಿದಳು. ನಾನು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಸೃಷ್ಟಿಯಿಂದ ಆರಂಭಿಸಿದೆ. ಪಿತೃಗಳನ್ನು ದಾಟಿ, ಪ್ರವಾದಿಗಳನ್ನು ದಾಟಿ, ಈ ಮನೆಯ ಯಜಮಾನನವರೆಗೆ ಬಂದು, ಪ್ರಾರ್ಥನೆಯ ಶಿಖರದಲ್ಲಿ ನಿಂತು ಒಂದು ದೀರ್ಘ ವಾಕ್ಯವನ್ನು ಎತ್ತಿಕೊಂಡಿದ್ದೆ. ವಾಕ್ಯಕ್ಕಿನ್ನೂ ಕ್ರಿಯಾಪದ ಬಂದಿರಲಿಲ್ಲ. ಅಷ್ಟರಲ್ಲಿ ಭಾವ ಸಿಡಿಲು ಬಡಿದ ಹಾಗೆ “ಆಮೆನ್!” ಅಂದುಬಿಟ್ಟರು. ಹಸಿದು ಕುಳಿತಿದ್ದ ಜನವೆಲ್ಲ “ಆಮೆನ್” ಎಂದು ಮುದ್ದೆಗೆ ಕೈ ಹಾಕಿತು. ನಾನು ಕಣ್ಣು ಬಿಟ್ಟಾಗ ಸೊರ್ ಸೊರ್ ಎಂದು ಸಾರು ಹೀರುವ ಸದ್ದು. “ಏನು ಭಾವ ಇದು?” ಅಂದರೆ, “ಮುದ್ದೆ ಆರೋಯ್ತದೆ ಕಣ್ಲಾ” ಅಂದರು, ನನ್ನ ಮುಖ ನೋಡದೆ. ನಾನು ಎಲೆ ಬಿಟ್ಟು ಎದ್ದು ಬಂದೆ. ಕ್ರಿಯಾಪದವಿಲ್ಲದೆ ಒಂದು ವಾಕ್ಯವನ್ನು ದೇವರ ಮುಂದೆ ಹಾಗೆ ನೇತಾಡಲು ಬಿಡುವುದೆಂದರೆ ಭಾಷೆ ಕಲಿಸುವವನಿಗೆ ಅದಕ್ಕಿಂತ ಅವಮಾನವುಂಟೇ?

ಅಂದಿನಿಂದ ಮಾತಿಲ್ಲ. ಆದರೂ ಅಕ್ಕನ ಅಪ್ಪಣೆಯಂತೆ ಅವರು ಪ್ರತಿ ಭಾನುವಾರ ನನ್ನ ಪಾಠಕ್ಕೆ ಬಂದು ಮೊದಲ ಬೆಂಚಿನಲ್ಲೇ ಕುಳಿತುಕೊಳ್ಳುತ್ತಿದ್ದರು. ತಿಳಿಸಲೇಬೇಕಾದದ್ದಿದ್ದರೆ ಪಕ್ಕದ ರಾಜಮ್ಮನ ಮೂಲಕ: “ರಾಜಮ್ಮ, ಮೇಷ್ಟ್ರ ಕನ್ನಡಕ ಜಾರ್ತೈತೆ ಅಂತ ಹೇಳವ್ವ.” ನಾನು, “ರಾಜಮ್ಮ, ಗೊತ್ತಿದೆ ಎಂದು ಹೇಳು” ಅನ್ನುತ್ತಿದ್ದೆ. ನಮ್ಮ ನಡುವೆ ಇದ್ದದ್ದು ಎರಡು ಮೊಳದ ದೂರ.

ಈ ಹಂಚಿಕೆಯ ಪ್ರಾರ್ಥನೆ ಮೊದಲ ವಾರವೇ ಸರಾಗವಾಗಿ ಓಡಿತು. ನಾಲ್ಕು ನಿಮಿಷದಲ್ಲಿ ಸ್ತೋತ್ರದಿಂದ ಆಮೆನ್‌ವರೆಗೆ ಮಾಲು ಸಿದ್ಧ. ಆದರೆ ಅರಿಕೆಯ ವಿಭಾಗದಲ್ಲಿ ತೊಡಕು ಬಂತು. ಆ ಕೆಲಸ ಸಿಕ್ಕಿದ್ದು ಇದೇ ರಾಜಮ್ಮನಿಗೆ. ಫಿಲೇಚರಿನಲ್ಲಿ ಬಿಸಿನೀರಿನ ತೊಟ್ಟಿಯಿಂದ ರೇಷ್ಮೆ ನೂಲು ತೆಗೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದ, ಯಾರ ತಂಟೆಗೂ ಹೋಗದ ಹೆಂಗಸು. ಒಬ್ಬಳ ಪಾಪ ಹೇಳಿದರೆ ಇಡೀ ಸಭೆಯದು ಹೇಗಾಗುತ್ತದೆಂದು ಅವಳು ಶನಿವಾರ ಸಂಜೆ ಮನೆಮನೆಗೆ ಹೋಗಿ ಎಲ್ಲರ ತಪ್ಪನ್ನೂ ಕೇಳಿಕೊಂಡು ಬಂದು, ಭಾನುವಾರ ಒಂದನ್ನೂ ಬಿಡದೆ ತನ್ನ ಬಾಯಿಂದಲೇ ಒಪ್ಪಿಸುತ್ತಿದ್ದಳು. “ಕರ್ತನೇ, ಗುರುವಾರ ಕುಡ್ದು ಬಂದು ಮನೇಲಿ ಕೈ ಮಾಡ್ಬುಟ್ಟೆ. ಪಕ್ಕದ ಮನೆ ಕೋಳಿ ನಮ್ಮ ಹಿತ್ಲಿಗೆ ಬಂದಾಗ ಕುಯ್ದು ತಿಂದ್ಬುಟ್ಟೆ. ಅತ್ತೆಗೆ ಹಳಸಿದ ಸಾರು ಇಕ್ದೆ.” ಕಿಟಕಿಯಾಚೆಯ ಬೀದಿಯಲ್ಲಿ ಹೂ ಮಾರುವವಳು, ಸೈಕಲ್ ಶಾಪಿನವನು ಎಲ್ಲ ಇದನ್ನು ಕೇಳುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಪೇಟೆಯಲ್ಲಿ ರಾಜಮ್ಮನನ್ನು ಕಂಡರೆ ಜನ ಮಕ್ಕಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಪಕ್ಕದ ಮನೆಯವಳು ಕೋಳಿಗೆ ಬಂದು ಜಗಳ ತೆಗೆದಳು. ನಾಲ್ಕನೆಯ ವಾರ ರಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ಯಾರ್ಯಾರ ಪಾಪಾನೋ ಹೊರಾಕೆ ನಾನೇನ್ ಯೇಸುಸ್ವಾಮಿಯಾ ಮೇಷ್ಟ್ರೇ? ಆ ಕೆಲ್ಸ ಅವ್ರು ಆಗ್ಲೇ ಮಾಡವ್ರೆ” ಅಂದಳು. ಇದಕ್ಕಿಂತ ಚೆನ್ನಾಗಿ ಆ ಸಿದ್ಧಾಂತವನ್ನು ನಾನು ಯಾವ ಪಾಠದಲ್ಲೂ ವಿವರಿಸಿರಲಿಲ್ಲ.

ಅಂದಿನಿಂದ ಅರಿಕೆ ಪಾಳಿಯ ಮೇಲಾಯಿತು. ವಾರಕ್ಕೊಬ್ಬರು, ಅವರವರ ತಪ್ಪು ಅವರವರೇ, ಒಂದೇ ಒಂದು. ಪಾಳಿಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದವಳು ಸುಗುಣಮ್ಮ. ಕೊನೆಯ ಹೆಸರು ನನ್ನದು. “ಸೂಪರ್‌ವೈಸರ್‌ಗೂ ಪಾಳಿಯೇ?” ಅಂದೆ. “ನೀವೇನ್ ಪಾಪ ಮಾಡೋದಿಲ್ವಾ ಮೇಷ್ಟ್ರೇ?” ಅಂದಳು, ನಿಜವಾಗಿ ತಿಳಿಯಬೇಕೆಂಬ ಮುಖಭಾವದಲ್ಲಿ.

ಪಾಳಿ ಪಟ್ಟಿಯ ಕೊನೆಗೆ ಬರುವ ಹೊತ್ತಿಗೆ ಅಕ್ಕ ಒಂದು ಸಂಜೆ ನಮ್ಮ ಮನೆಗೆ ಬಂದಳು. ಕೂರೆಂದರೆ ಕೂರಲಿಲ್ಲ. ಅವಳ ಒಬ್ಬಳೇ ಮಗಳು ಕರುಣಾಳಿಗೆ ಕನಕಪುರದ ಗಂಡು ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಮದುಮಗಳನ್ನು ದೇವಾಲಯದ ಬಾಗಿಲವರೆಗೆ ಕೈಹಿಡಿದು ತರುವವನು ಸೋದರಮಾವ; ಅಲ್ಲಿಂದ ಒಳಕ್ಕೆ ಅಪ್ಪ. ನನ್ನ ಅಕ್ಕನನ್ನು ನಮ್ಮ ಮಾವ ಹಾಗೆಯೇ ತಂದಿದ್ದ. ಕರುಣಾ ಹುಟ್ಟಿದಾಗ ಮೊದಲು ಎತ್ತಿಕೊಂಡವನು ನಾನು, ನನಗೆ ಮಕ್ಕಳಿಲ್ಲ.

“ನಿಮ್ಮ ಭಾವ ಕರ್ಯಾಕೆ ಬರಾಕಿಲ್ಲ, ನೀನು ಕರೀದೆ ಬರಾಕಿಲ್ಲ,” ಅಂದಳು ಅಕ್ಕ. “ಬಾಗ್ಲಲ್ಲಿ ಹೆಣ್ಣು ಒಂಟಿಯಾಗಿ ನಿಂತಿದ್ರೆ ಅವ್ಳ ಸೋದರಮಾವ ಸತ್ತೋದ್ನಾ ಅಂತಾರೆ ಕಣಪ್ಪ. ಏನಂತ ಹೇಳ್ಲಿ? ಬದುಕವ್ನೆ, ಊರಿಗೆಲ್ಲಾ ಕ್ಷಮಿಸ್ರಪ್ಪಾ ಅಂತ ಪಾಠ ಹೇಳ್ತಾ ಅವ್ನೆ ಅನ್ಲಾ?”

ಅಕ್ಕ ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ. ಆದರೂ ಹೋಗಿ ಭಾವನ ಬಾಗಿಲು ತಟ್ಟಿದೆನೇ? ಇಲ್ಲ. ತಪ್ಪು ಮಾಡಿದವರು ಅವರು, ಬರಬೇಕಾದವರು ಅವರು ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ನಮ್ಮ ಹಿರಿಯರು ನನ್ನಂಥವರನ್ನು ನೋಡಿಯೇ ಗಾದೆ ಕಟ್ಟಿರಬೇಕು.

ಇಷ್ಟರಲ್ಲಿ ನನ್ನ ಇನ್ನೊಂದು ಕಳ್ಳತನವೂ ಹೊರಬಿತ್ತು. ಪಾಠದ ಪುಸ್ತಕದಲ್ಲಿ ಎಂಟನೆಯದೊಂದಿದೆ. ಕಾಣಿಕೆ ಕೊಡಲು ಹೊರಟವನಿಗೆ ಸಹೋದರನೊಡನೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕು ಎಂಬ ವಿಷಯ. ನಾಲ್ಕು ವರ್ಷದಿಂದ ನಾನು ಏಳಾದ ಮೇಲೆ ಒಂಬತ್ತಕ್ಕೆ ಹಾರುತ್ತಿದ್ದೆ. ಯಾರೂ ಗಮನಿಸಿಲ್ಲವೆಂದು ತಿಳಿದಿದ್ದೆ. ಆ ಭಾನುವಾರ “ಒಂಬತ್ತನೇ ಪಾಠ ತೆಗೆಯಿರಿ” ಅಂದದ್ದೇ ತಡ, ಸುಗುಣಮ್ಮ ತನ್ನ ಚೀಲದಿಂದ ಬಾಣಗಳ ಸುರುಳಿ ತೆಗೆದು, ಒಂದನ್ನು ಕಿತ್ತು, ನನ್ನ ಕೈಯ ಪುಸ್ತಕದ ವಿಷಯಸೂಚಿಯಲ್ಲಿ ಎಂಟರ ಎದುರಿಗೆ ಒತ್ತಿ ಅಂಟಿಸಿ ಹೋಗಿ ಕುಳಿತಳು.

“ಹೊಲಿಗೆ ಬಿಟ್ಟೋಗೈತೆ ಮೇಷ್ಟ್ರೇ,” ಅಂದಳು ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಭಾವ ಕಿಟಕಿಯಾಚೆಗೆ ನೋಡುತ್ತಿದ್ದರು.

ಮುಂದಿನ ವಾರ ಎಂಟನೆಯ ಪಾಠ, ಅದೇ ವಾರ ಅರಿಕೆಯ ಪಾಳಿ ನನ್ನದು. ಆ ಭಾನುವಾರದಿಂದ ಮದುವೆಗೆ ಹತ್ತೇ ದಿನ, ನನಗೆ ಕರೆಯೋಲೆ ಬಂದಿರಲಿಲ್ಲ. ನಾನು ಮೂರು ದಿನ ಕೂತು ಒಂದು ಅರಿಕೆಯನ್ನು ಬರೆದೆ. ನೋಡುವಂತಿತ್ತು. ಅಲ್ಲಿ ಮನುಕುಲದ ಸಮಸ್ತ ಪಾಪಗಳಿದ್ದವು, ನನ್ನದೊಂದು ಬಿಟ್ಟು.

ಆ ಭಾನುವಾರ ಎಂಟನೆಯ ಪಾಠವನ್ನು ಹೇಗೋ ಗಬಗಬ ಮುಗಿಸಿದೆ. ಪ್ರಾರ್ಥನೆ ಶುರುವಾಯಿತು. ಸ್ತೋತ್ರದವಳು ಮುಗಿಸಿದಳು. ನಾನು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, “ಅರಿತೋ ಅರಿಯದೆಯೋ ಅನೇಕಾನೇಕ ಅಪರಾಧಗಳಿಂದ ಆವೃತರಾದ ನಾವು...” ಎಂದು ಎತ್ತಿಕೊಂಡೆ. ಎದೆಯ ಮೇಲೆ ಏನೋ ಒತ್ತಿದಂತಾಯಿತು. ಕಣ್ಣು ಬಿಟ್ಟರೆ ಅಂಗಿಯ ಜೇಬಿನ ಮೇಲೆ ಕೆಂಪು ಬಾಣ, ಮುಂದೆ ಸುಗುಣಮ್ಮ.

“‘ನಾವು’ ಬ್ಯಾಡ ಮೇಷ್ಟ್ರೇ. ರಾಜಮ್ಮಕ್ಕನ ಪಾಡು ನೋಡಿದ್ದೀವಲ್ಲ. ನಿಮ್ದು ಹೇಳಿ.”

ಜನ ಕಣ್ಣು ಮುಚ್ಚಿಕೊಂಡೇ ಇದ್ದರು, ಕಿವಿಗಳು ಮಾತ್ರ ನನ್ನ ಕಡೆಗೇ ತಿರುಗಿದ್ದವು. ನಾನು ಗಂಟಲು ಸರಿಮಾಡಿಕೊಂಡು, “ಕರ್ತನೇ, ನಾನು ನನ್ನ ಭಾವನ ಜೊತೆ ನಾಲ್ಕು ವರ್ಷದಿಂದ ಮಾತಾಡಿಲ್ಲ. ಏಕೆಂದರೆ ಅವರು ನನ್ನ ಪ್ರಾರ್ಥನೆಯನ್ನು ನಡುವೆ ಕತ್ತರಿಸಿ...” ಅನ್ನುತ್ತಿದ್ದಂತೆ ಅವಳು ಬಾಣವನ್ನು ಇನ್ನೊಮ್ಮೆ ಬೆರಳಿನಿಂದ ಒತ್ತಿದಳು.

“ಅದು ಅವ್ರ ತಪ್ಪು. ನಿಮ್ದು?”

ಮಿತ್ರರೇ, ನಾನು ನಿಮಗೂ ಇಲ್ಲಿಯತನಕ ಒಂದು ವಿಷಯ ಹೇಳದೆ ತೇಲಿಸಿದ್ದೇನೆ. ಅಂದು ಭಾವ ತುಂಡರಿಸಿದ ಆ ದೀರ್ಘ ವಾಕ್ಯ ಯಾವುದು ಎಂದು ಹೇಳಲಿಲ್ಲ. ಆ ವರ್ಷ ಹೊಸ ಕೋಣೆ ಮುಗಿಯುವಷ್ಟರಲ್ಲಿ ಅಂಗಡಿಗಳಿಗೆ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು ಬಂದು ಬಿದ್ದು ಭಾವನಿಗೆ ಕೆಲಸ ನಿಂತುಹೋಗಿತ್ತು. ಅವರು ಯಾರಿಗೂ ಹೇಳದೆ ಗಾರ್ಮೆಂಟ್ ಫ್ಯಾಕ್ಟರಿಯ ಗೇಟಿನಲ್ಲಿ ವಾಚ್‌ಮನ್ ಆಗಿ ಸೇರಿದ್ದರು. ಖಾಕಿಯನ್ನು ಚೀಲದಲ್ಲಿಟ್ಟುಕೊಂಡು, ಪಂಚೆ ಉಟ್ಟು ಮನೆಯಿಂದ ಹೊರಟು, ಅಲ್ಲಿ ಹೋಗಿ ಬದಲಾಯಿಸುತ್ತಿದ್ದರು. ಅಕ್ಕ ನನ್ನೊಬ್ಬನ ಕಿವಿಯಲ್ಲಿ, ಯಾರಿಗೂ ಹೇಳಬೇಡವೆಂದು ಆಣೆಯಿಡಿಸಿಕೊಂಡು ಹೇಳಿದ್ದಳು. ನಾನು ಯಾರಿಗೂ ಹೇಳಲಿಲ್ಲ, ದೇವರಿಗೆ ಹೇಳಲು ಹೊರಟೆ. ಬೊಂಬೆಯ ಬೀದಿಯ ಐವತ್ತು ಜನರ ಮುಂದೆ, ಗಟ್ಟಿ ದನಿಯಲ್ಲಿ. “ಕೈಕಸುಬನ್ನು ಕಳೆದುಕೊಂಡು, ಈಗ ಕಾರ್ಖಾನೆಯ ಗೇಟಿನಲ್ಲಿ...” ಎಂಬಲ್ಲಿಗೆ ಬಂದಿದ್ದೆ. ಆಗ ಬಿತ್ತು ಆಮೆನ್. ಕನಿಕರವೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕನಿಕರವಲ್ಲ. ಚಿಕ್ಕಂದಿನಲ್ಲಿ ನಾನು ಬಾಯಿಬಿಟ್ಟು ನೋಡುತ್ತಿದ್ದ ಆ ದೊಡ್ಡ ಕಸುಬುದಾರನ ಮೇಲೆ ನಾನೀಗ ಮರುಕ ತೋರಬಲ್ಲವನಾದೆ ಎಂಬ ಸಣ್ಣತನ. ಗುಟ್ಟನ್ನು ಮುಚ್ಚಲು ಭಾವ ಮುದ್ದೆಯ ನೆಪ ಹೇಳಿದರು. ಪ್ರಾರ್ಥನೆಗಿಂತ ಮುದ್ದೆ ಹೆಚ್ಚಾಯಿತೆಂದು ನಾಲ್ಕು ವರ್ಷ ಊರಿನವರಿಂದ ಹೊಟ್ಟೆಬಾಕನೆನ್ನಿಸಿಕೊಂಡರು, ಬಾಯಿಬಿಡಲಿಲ್ಲ.

ಈಗ ನನ್ನ ಇಕ್ಕಟ್ಟು ನೋಡಿ. ತಪ್ಪನ್ನು ಬಿಡಿಸಿ ಒಪ್ಪಿಕೊಂಡರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಿದಂತೆ. ಭಾವನ ಗುಟ್ಟು ಈ ಇಪ್ಪತ್ತು ಜನಕ್ಕೂ ಗೊತ್ತಾಗುತ್ತದೆ. ಒಪ್ಪಿಕೊಳ್ಳದಿದ್ದರೆ ಬಾಣ ಬಿಡುವುದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನನಗೆ ದೇವರ ಮುಂದೆ ಪದ ಸಿಗಲಿಲ್ಲ. ಮೂರು ದಿನ ಬರೆದ ಕಾಗದ ಜೇಬಿನಲ್ಲೇ ಉಳಿಯಿತು.

“ಕರ್ತನೇ,” ಅಂದೆ, “ಹೇಳಬಾರದ ಒಂದು ಮಾತನ್ನು ನಿನ್ನ ಹೆಸರಿನಲ್ಲಿ ಸುತ್ತಿ ಊರಿಗೆ ಹೇಳಲು ಹೋದೆ. ಅವರು ತಡೆದರು. ಅದಕ್ಕೇ ನನಗೆ ಸಿಟ್ಟು. ಅದು ಏನೆಂದು ಇಲ್ಲಿ ಹೇಳುವುದಿಲ್ಲ. ತಪ್ಪು ನನ್ನದು.”

ಅಷ್ಟೇ. ಉಪಕಾರಸ್ಮರಣೆಯವಳು, ಬೇಡಿಕೆಯವಳು ತಂತಮ್ಮ ತುಂಡುಗಳನ್ನು ಮೆಲ್ಲಗೆ ಜೋಡಿಸಿದರು. ಉಳಿದದ್ದು ಆಮೆನ್. ಎಲ್ಲರೂ ಕಾದರು. ಆಮೆನ್ ಬರಲಿಲ್ಲ.

ಹೊರಗೆ ಫ್ಯಾಕ್ಟರಿ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಆಮೆನ್ ಇಲ್ಲದೆ ಕಣ್ಣು ಬಿಡುವ ಹಾಗಿಲ್ಲ, ಏಳುವ ಹಾಗಿಲ್ಲ. ಅಂದು ಬೇಡದ ಕಡೆ ಬಿದ್ದ ಆಮೆನ್ ಈಗ ಬೇಕಾದ ಕಡೆ ಬೀಳುತ್ತಿಲ್ಲ. ಹಾರನ್ ಎರಡನೆಯ ಸಲ, ಮೂರನೆಯ ಸಲ. ಯಾರೋ ಒಬ್ಬಳು ಕಣ್ಣು ಮುಚ್ಚಿಕೊಂಡೇ “ಅಣ್ಣಾ, ಓಟಿ ಕಟ್ ಆಯ್ತದೆ” ಎಂದು ಗೋಗರೆದಳು.

ಕಡೆಗೆ ಭಾವನ ದನಿ ಬಂತು. ಆಮೆನ್ ಅಲ್ಲ.

“ನಾನು ಗೇಟಲ್ಲಿ ವಾಚ್‌ಮನ್ ಆಗಿವ್ನಿ ಸ್ವಾಮಿ. ನಾಲ್ಕು ವರ್ಷಾಯ್ತು. ಅದೇ ಆ ಮಾತು. ನಮ್ ಹುಡುಗ ಇವತ್ತು ಹೇಳ್ಲಿಲ್ಲ. ಒಸಿ ಬುದ್ಧಿ ಬಂದೈತೆ ಅವನ್ಗೆ.”

ನಾನು ಕಣ್ಣು ಬಿಟ್ಟೆ. ಕೋಣೆಯಲ್ಲಿ ಒಬ್ಬರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಸುಗುಣಮ್ಮ ನನ್ನನ್ನು ನೋಡಿ, “ಅಯ್ಯೋ, ಇದಾ ಮೇಷ್ಟ್ರೇ ಗುಟ್ಟು?” ಅಂದಳು. “ದಿನಾ ಸಂಜೆ ಗೇಟಲ್ಲಿ ನಮ್ಮ ಊಟದ ಚೀಲ ತಡಕಿ ಬಿಡೋರು ಅಣ್ಣನೇ ಅಲ್ವಾ? ಇಲ್ಲಿ ಬಸ್ ಅತ್ತಾಕೆ ನಾಚ್ಕೊಂಡು ಮುಂದಿನ ಸ್ಟಾಪ್‌ಗೆ ನಡ್ಕೊಂಡು ಹೋಯ್ತಾರೆ. ಸೀಟು ಹಿಡ್ದು ಮಡಗಿರ್ತೀವಿ.”

ನಾಲ್ಕು ವರ್ಷ! ಬೊಂಬೆ ಬೀದಿಯ ಒಬ್ಬರ ಕಿವಿಗೂ ಬೀಳದಂತೆ ಈ ಹೆಂಗಸರು ಅದನ್ನು ಕಾಪಾಡಿಕೊಂಡು ಬಂದಿದ್ದರು. ಚಾಡಿ ಹೇಳಬಾರದೆಂಬ ಐದನೆಯ ಪಾಠವನ್ನು ನಾನು ಇವರಿಗೆ ಹತ್ತಾರು ಬಾರಿ ಬೋಧಿಸಿದ್ದೆ, ಇವರು ಕೈಕಟ್ಟಿ ಕೇಳಿದ್ದರು. ನನಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ತಡೆಯಲಾಗದ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

“ಆಮೆನ್!” ಅಂದರು ಭಾವ, ಹೆಂಚು ಹಾರುವಂತೆ. ಬೆಂಚುಗಳು ಉರುಳಿದವು, ಚಪ್ಪಲಿಗಳು ಅದಲುಬದಲಾದವು, ಅರ್ಧ ಸಭೆ ಬಸ್ಸಿಗೆ ಓಡಿತು. ಓಡುವವರ ನಡುವೆ ಭಾವ ಒಮ್ಮೆ ನಿಂತು, ರಾಜಮ್ಮನ ಮಧ್ಯಸ್ಥಿಕೆಯಿಲ್ಲದೆ, ನೇರ ನನಗೇ ಹೇಳಿದರು: “ಬುಧವಾರ ಉಣ್ಣಾಕೆ ಬಾರ್ಲಾ. ಪ್ರಾರ್ಥನೆ ನಾನೇ ಮಾಡ್ತೀನಿ.” ಆಮೇಲೆ ಪಂಚೆ ಮೇಲೆತ್ತಿ ಕಟ್ಟಿ, ಎಲ್ಲರ ಎದುರಿಗೇ, ದೇವಾಲಯದ ಗೇಟಿನಲ್ಲೇ ಬಸ್ಸು ಹತ್ತಿದರು. ಅಂದಿನಿಂದ ಖಾಕಿಯನ್ನು ಮನೆಯಲ್ಲೇ ತೊಟ್ಟು ಹೊರಡುತ್ತಿದ್ದರು. ಇದನ್ನೆಲ್ಲ ನಾನು ಬರೆಯುತ್ತಿರುವುದೂ ಅವರ ಅನುಮತಿ ಪಡೆದೇ.

ಅವಸರದಲ್ಲಿ ಸುಗುಣಮ್ಮ ಬಾಣ ಬಿಚ್ಚುವುದನ್ನು ಮರೆತಿದ್ದಳು. ನಾನು ಎದೆಯ ಮೇಲೆ ಕೆಂಪು ಬಾಣ ಹೊತ್ತು ಪೇಟೆಯ ನಡುವೆ ಮನೆಗೆ ನಡೆದೆ. ಸೈಕಲ್ ಶಾಪಿನವನು ಯಾವ ಪಕ್ಷದ್ದು ಎಂದು ಕೇಳಿದ.

ಬುಧವಾರ ಅಕ್ಕ ಎಲೆ ಹಾಕಿದಳು. ಹೊಗೆಯಾಡುವ ಮುದ್ದೆ, ಕೋಳಿಸಾರು. ಭಾವ ತಲೆಬಾಗಿಸಿ, “ಅಪ್ಪಾ, ಬಿಸಿಯಾಗೈತೆ, ಎಲ್ಲಾರೂ ಅವ್ರೆ. ಆಮೆನ್” ಅಂದರು. ನಾನು ಕೇಳಿದ ಪ್ರಾರ್ಥನೆಗಳಲ್ಲೆಲ್ಲ ಅದು ದೊಡ್ಡದು. ಕ್ರಿಯಾಪದಗಳೂ ಸರಿಯಾಗಿದ್ದವು. ಊಟವಾದ ಮೇಲೆ ಮದುವೆಯ ಕರೆಯೋಲೆಯನ್ನು ತಟ್ಟೆಯಲ್ಲಿಟ್ಟು, ಎಲೆ ಅಡಿಕೆಯೊಡನೆ ನನ್ನ ಕೈಗೆ ಕೊಟ್ಟರು. ಮುಂದಿನ ವಾರ ಕರುಣಾಳ ಕೈಹಿಡಿದು ದೇವಾಲಯದ ಬಾಗಿಲವರೆಗೆ ನಡೆದೆ. ಹೊಸಿಲ ಆಚೆ ಭಾವ ನಿಂತಿದ್ದರು. ಅವಳ ಕೈಯನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ.

ಬಾಣವನ್ನು ಬಿಚ್ಚೆಂದು ಆಮೇಲೆ ಸುಗುಣಮ್ಮನಿಗೆ ಹೇಳಿದ್ದುಂಟು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇರ್ಲಿ ಬುಡಿ ಮೇಷ್ಟ್ರೇ. ಎಲ್ಲಿ ಅಂಟಿಸ್ಕೊಂಡ್ರೂ ಅಲ್ಲೊಂದು ತಪ್ಪು ಇದ್ದೇ ಇರ್ತದೆ” ಅಂದಳು. ಅದಕ್ಕೇ ಕನ್ನಡಕದ ಡಬ್ಬಿಗೆ ವರ್ಗಾಯಿಸಿಕೊಂಡೆ. ಕೆಂಪು ಈಗ ಮಾಸಿ ಗುಲಾಬಿಯಾಗಿದೆ, ಒಂದು ಮೂಲೆ ಎದ್ದಿದೆ. ಊಟಕ್ಕೆ ಕುಳಿತು ಪ್ರಾರ್ಥನೆಗೆಂದು ಕನ್ನಡಕ ತೆಗೆದು ಡಬ್ಬಿಯೊಳಗಿಟ್ಟಾಗ ಬಾಣದ ಮೊನೆ ಒಮ್ಮೊಮ್ಮೆ ಎದುರು ಕುಳಿತವರ ಕಡೆಗಿರುತ್ತದೆ. ಡಬ್ಬಿಯನ್ನು ತಿರುಗಿಸಿ ಮೊನೆಯನ್ನು ನನ್ನ ಕಡೆಗೆ ಮಾಡಿಕೊಂಡು ಕಣ್ಣು ಮುಚ್ಚುತ್ತೇನೆ. ಮುದ್ದೆ ಆರುವುದರೊಳಗೆ ಮುಗಿಸುತ್ತೇನೆ.